ಮಡಿಕೆ ನಿಲ್ಲುವ ಪುಟ

ನನ್ನ ಅಕ್ಷರ ಚೆನ್ನಾಗಿಲ್ಲ. ಬರೆಯುತ್ತಾ ಹೋದಂತೆ ಸಾಲು ಬಲಗಡೆಗೆ ಜಾರಿ ಕೆಳಗಿಳಿಯುತ್ತದೆ. ಅದಕ್ಕೆ ರಟ್ಟಿನ ಒಂದು ಪಟ್ಟಿಯನ್ನು ಸಾಲಿನ ಅಡಿಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಮಾತುಗಳೂ ಅಷ್ಟೇ, ಸರಿಯಾದ ಮಾತು ಬೇಕೆಂದಾಗ ಸಿಗುವುದಿಲ್ಲ. ಕಾಲೇಜಿನ ಇಂಗ್ಲಿಷ್ ಮೇಡಂ ಎರಡು ಪುಟ ಸಾಕು ಎಂದಿದ್ದರು. ಗ್ರಂಥಾಲಯದವರು ತರುವ ಪುಸ್ತಿಕೆಗೆ ನಮ್ಮ ದೊಡ್ಡಮ್ಮನ ಪರಿಚಯ ಬೇಕಂತೆ. "ಎಲ್ಲಿ ಕೆಲಸ ಕಲಿತರು, ಹೇಗೆ ಬದುಕಿದರು, ಅಷ್ಟು ಬರಿ. ದೊಡ್ಡ ದೊಡ್ಡ ಮಾತು ಬೇಡ" ಎಂದರು. ದೊಡ್ಡ ಮಾತು ನನಗೆ ಬರುವುದೂ ಇಲ್ಲ. ಆದರೆ ಎರಡು ಪುಟದಲ್ಲಿ ಮುಗಿಯಲಿಲ್ಲ. ಅವರ ಬಗ್ಗೆ ನಿಜ ಬರೆಯಬೇಕಾದರೆ ನನ್ನ ಬಗ್ಗೆಯೂ ಒಂದು ವಿಷಯ ಬರೆಯಬೇಕಾಗಿದೆ. ಅದನ್ನು ಕೊನೆಗೆ ತಳ್ಳಬೇಕೆಂದು ಎರಡು ಸಲ ನೋಡಿದೆ. ಆಗಲಿಲ್ಲ. ಓದುವವರು ಕ್ಷಮಿಸಬೇಕು.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಹರಿದ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ಹೊಸ ರಟ್ಟು ಹಾಕಿ ಕೊಡುವುದು ಅವರ ಕೆಲಸ. ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯೇ ಅವರ ಬೈಂಡಿಂಗ್ ಅಂಗಡಿ. ಅಲ್ಲಿ ಒಂದು ಉದ್ದನೆಯ ಮೇಜಿದೆ, ಕಬ್ಬಿಣದ ಚಕ್ರ ತಿರುಗಿಸಿ ಪುಸ್ತಕ ಒತ್ತುವ ಪ್ರೆಸ್ ಇದೆ, ಮೈದಾ ಅಂಟಿನ ಡಬ್ಬ ಇದೆ, ಮೇಣ ಹಚ್ಚಿದ ದಾರದ ಉಂಡೆಗಳಿವೆ. ಒಂದು ಕಾಲು ಗಿಡ್ಡಾದ ಸ್ಟೂಲಿದೆ. ಅದರ ಕೆಳಗೆ ಇಟ್ಟಿರುವ ರಟ್ಟಿನ ಚೂರು ನನ್ನ ವಯಸ್ಸಿಗಿಂತ ಹಳೆಯದು ಎಂದು ದೊಡ್ಡಮ್ಮ ಹೇಳುತ್ತಾರೆ.

ಅವರು ಹದಿಮೂರನೇ ವಯಸ್ಸಿಗೆ ಒಂದು ಮುದ್ರಣಾಲಯದಲ್ಲಿ ಫಾರಂ ಮಡಚುವ ಕೆಲಸಕ್ಕೆ ಸೇರಿದರು. ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಬಂದ ಹದಿನಾರು ಪುಟಗಳನ್ನು ಮಡಚಿದರೆ ಒಂದು ಫಾರಂ. ಇಂಥ ಫಾರಂಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದರೆ ಪುಸ್ತಕ. ಅಲ್ಲಿ ಕಟಿಂಗ್ ಮೆಷಿನ್ ನಡೆಸುತ್ತಿದ್ದವರನ್ನೇ ಮದುವೆಯಾದರು. ದೊಡ್ಡಪ್ಪನನ್ನು ನಾನು ನೋಡಿಲ್ಲ. "ಮಾತಾಡ್ತಾ ಇರಲಿಲ್ಲ ಮಾರಾಯ್ತಿ, ಮೆಷಿನ್ನೇ ಅವರಿಗಿಂತ ಜಾಸ್ತಿ ಮಾತಾಡ್ತಿತ್ತು" ಎಂದು ದೊಡ್ಡಮ್ಮ ನಗುತ್ತಾರೆ. ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮ ಮುದ್ರಣಾಲಯ ಬಿಟ್ಟು ಮನೆಯಲ್ಲೇ ಅಂಗಡಿ ತೆರೆದರು. ಮೂವತ್ತೊಂದು ವರ್ಷದಿಂದ ಕಾಲೇಜು ಗ್ರಂಥಾಲಯದ ಹರಿದ ಪುಸ್ತಕವೆಲ್ಲ ಇಲ್ಲಿಗೇ ಬರುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಇಂಗ್ಲಿಷ್ ಕಾದಂಬರಿಗಳು.

ದೊಡ್ಡಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ನಮ್ಮ ಭಾಷೆಯನ್ನೇ ಅಕ್ಷರ ಕೂಡಿಸಿ ಓದುತ್ತಾರೆ. ಇಂಗ್ಲಿಷಿನಲ್ಲಿ ಅಂಕಿಗಳು ಮಾತ್ರ ಗೊತ್ತು, ಪುಟಗಳನ್ನು ಜೋಡಿಸಲು ಅಷ್ಟು ಸಾಕು. ಆದರೆ ಅವರು ಆ ಕಾದಂಬರಿಗಳನ್ನು ಬೇರೆ ರೀತಿಯಲ್ಲಿ ಓದುತ್ತಿದ್ದರು. ಈ ಪುಸ್ತಿಕೆಯಲ್ಲಿ ಮುಖ್ಯವಾಗಿ ಬರಬೇಕಾದದ್ದು ಅದೇ.

ಪುಸ್ತಕ ಬಿಚ್ಚಿದ ಕೂಡಲೇ ಅವರು ಪುಟದ ಮೂಲೆಗಳನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ. ಓದುತ್ತಾ ಓದುತ್ತಾ ಸಾಕಾದಾಗ ಜನ ಮೂಲೆ ಮಡಚಿ ಎದ್ದು ಹೋಗುತ್ತಾರಲ್ಲ, ಆ ಮಡಿಕೆಗಳ ಗುರುತು ಕಾಗದದಿಂದ ಹೋಗುವುದಿಲ್ಲ. ಮೊದಮೊದಲು ಇಪ್ಪತ್ತು ಪುಟಕ್ಕೊಂದು ಮಡಿಕೆ ಇರುತ್ತದೆ. ಒಂದು ಜಾಗ ಬರುತ್ತದೆ, ಅಲ್ಲಿಂದ ಮುಂದೆ ಒಂದೂ ಮಡಿಕೆ ಇರುವುದಿಲ್ಲ. ಪುಟಗಳ ನಡುವಿನ ಸಂದಿಯಲ್ಲಿ ಬಿಸ್ಕತ್ತಿನ ಪುಡಿ ಇರುತ್ತದೆ, ಚಹಾದ ಕಲೆ ಇರುತ್ತದೆ. ಅದೂ ಅಲ್ಲಿಗೇ ನಿಲ್ಲುತ್ತದೆ.

"ನೋಡೇ, ಈ ಪುಣ್ಯಾತ್ಮ ಇಲ್ಲಿವರೆಗೆ ತಿಂದಿದ್ದೇ ತಿಂದಿದ್ದು. ಇಲ್ಲಿಂದ ಹೊಟ್ಟೇನೇ ಮರೆತಿದಾನೆ" ಎಂದು ಪುಟ ಬಿಡಿಸಿ ತೋರಿಸುತ್ತಿದ್ದರು. "ಕಥೆ ಇಲ್ಲೇ ತಿರುಗಿರೋದು. ಇದಾದ ಮೇಲೆ ಪುಸ್ತಕ ಕೆಳಗಿಡೋಕೆ ಯಾರಿಗೂ ಆಗಿಲ್ಲ."

ಓದುಗರಿಗೆಲ್ಲ ಅವರು ಹೆಸರಿಟ್ಟಿದ್ದರು. ಅಂಚಿನಲ್ಲಿ ಗೀಚುವವರು ಪೆನ್ಸಿಲ್ ಪಂಡಿತರು. ಮೊದಲ ಐದು ಪುಟ ಮಾತ್ರ ಮಾಸಿದ್ದರೆ ಅವರು ಬಾಗಿಲಲ್ಲೇ ನಿಂತು ಹೋದ ನೆಂಟರು. ಮೊದಲು ಕೊನೆಯ ಪುಟ ತೆಗೆಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಅಡುಗೆ ಆಗೋ ಮುಂಚೆ ಪಾತ್ರೆ ಮುಚ್ಚಳ ತೆಗೆಯೋ ಜಾತಿ" ಎನ್ನುತ್ತಿದ್ದರು.

ಇನ್ನು ನನ್ನ ವಿಷಯ. ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟೆ. ಒಂದು ದಿನ ಇಂಗ್ಲಿಷ್ ಪಾಠದಲ್ಲಿ ಎದ್ದು ಓದು ಎಂದರು. ಎದ್ದೆ. ಬಾಯಿ ತೆರೆದೆ. ಸ್ವರ ಬರಲಿಲ್ಲ. ಬೆಲ್ ಹೊಡೆಯುವವರೆಗೆ ಹಾಗೇ ನಿಂತಿದ್ದೆ, ಕೂತುಕೋ ಎಂದು ಯಾರೂ ಹೇಳಲಿಲ್ಲ. ಮಾರನೆಯ ದಿನ ಹೊಟ್ಟೆನೋವು ಎಂದೆ, ಆಮೇಲೆ ತಲೆನೋವು, ಆಮೇಲೆ ಮನೆಯಲ್ಲಿ ಕೇಳುವುದನ್ನೇ ಬಿಟ್ಟರು. ಅಮ್ಮ ನನ್ನನ್ನು ದೊಡ್ಡಮ್ಮನ ಅಂಗಡಿಗೆ ಕಳಿಸಿದಳು. ಯಾಕೆ ಬಿಟ್ಟೆ ಎಂದು ದೊಡ್ಡಮ್ಮ ಕೇಳಿದಾಗ, "ಓದೋಕೆಲ್ಲ ಬರುತ್ತೆ ದೊಡ್ಡಮ್ಮ, ಶಾಲೆ ಬೇಜಾರು ಅಷ್ಟೆ" ಎಂದೆ. ಅದು ನನ್ನ ಮೊದಲ ಸುಳ್ಳು.

ಎರಡನೆಯದು ಹದಿನೈದು ದಿನ ಕಳೆದ ಮೇಲೆ. ಅವರು ಒಂದು ದಪ್ಪ ಕಾದಂಬರಿಯನ್ನು ಬಿಚ್ಚಿ, ಮಡಿಕೆ ನಿಂತ ಪುಟ ಹುಡುಕಿ, ಆ ಫಾರಂ ನನ್ನ ಕೈಗೆ ಕೊಟ್ಟರು.

"ನಿನಗೆ ಇಂಗ್ಲಿಷ್ ಬರುತ್ತಲ್ಲ ಮರಿ. ಇಲ್ಲಿ ಏನಾಗುತ್ತೆ ಅಂತ ಓದಿ ಹೇಳು. ಇಷ್ಟು ವರ್ಷ ಜಾಗ ಗೊತ್ತಾಗ್ತಿತ್ತು, ಏನು ಅಂತ ಗೊತ್ತಾಗ್ತಿರಲಿಲ್ಲ."

ಅವರ ಮುಖದಲ್ಲಿ ಅಷ್ಟು ಆಸೆ ಇತ್ತು. ಶಾಲೆಯಲ್ಲಿ ಓದು ಎಂದು ಹೇಳಿದವರು ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ನಾನು ಪುಟ ನೋಡಿದೆ. ಅಲ್ಲೊಂದು ಇಲ್ಲೊಂದು ಪದ ಗೊತ್ತಾಯಿತು. ತಾಯಿ ಇತ್ತು, ಬಾಗಿಲು ಇತ್ತು, ಮಳೆ ಇತ್ತು. ಉಳಿದದ್ದೆಲ್ಲ ಇರುವೆ ಸಾಲು. "ಮಳೆ ಬರ್ತಿರುತ್ತೆ. ಬಾಗಿಲು ಬಡಿಯೋ ಸದ್ದಾಗುತ್ತೆ. ತಾಯಿ ಹೋಗಿ ತೆಗೀತಾಳೆ" ಎಂದೆ. ಅಲ್ಲಿಗೆ ನನಗೆ ಗೊತ್ತಿದ್ದ ಪದಗಳು ಮುಗಿದವು. "ಆಮೇಲೆ?" ಎಂದರು ದೊಡ್ಡಮ್ಮ. "ಅಂಚೆಯವನು ನಿಂತಿರ್ತಾನೆ. ಒಂದು ಕಾಗದ ಕೊಡ್ತಾನೆ" ಎಂದೆ.

"ನೋಡಿದ್ಯಾ! ನಾನು ಹೇಳಲಿಲ್ವಾ!" ಎಂದು ಅವರು ತೊಡೆ ತಟ್ಟಿಕೊಂಡರು. ಅಂಟು ಹಚ್ಚಿದ ಕೈ ಎಂಬುದೂ ನೆನಪಿರಲಿಲ್ಲ.

ಆಮೇಲೆ ಅದು ದಿನದ ರೂಢಿಯಾಯಿತು. ಬೆನ್ನಿನ ಹಳೆಯ ಅಂಟು ಕೆರೆದು, ಫಾರಂಗಳನ್ನು ಬಿಡಿಸಿ, ಮಡಿಕೆ ನಿಂತ ಜಾಗ ನೋಡಿ ನನಗೆ ಕೊಡುತ್ತಿದ್ದರು. ಅವರು ಹೊಲಿಯುತ್ತಿದ್ದರು, ನಾನು ಹೇಳುತ್ತಿದ್ದೆ. ಒಂದು ವರ್ಷದಲ್ಲಿ ನಲವತ್ತಮೂರು ಕಾದಂಬರಿಗಳ ತಿರುವನ್ನು ನಾನೇ ಕಟ್ಟಿ ಹೇಳಿದ್ದೇನೆ. ಎಣಿಸಿ ಬರೆದಿಟ್ಟುಕೊಂಡಿದ್ದೆ, ಯಾವುದಕ್ಕೆ ಏನು ಹೇಳಿದ್ದೆ ಎಂದು ತಪ್ಪಬಾರದಲ್ಲ. ಸುಳ್ಳಿನಲ್ಲೂ ನಾನು ಅಷ್ಟು ಎಚ್ಚರವಾಗಿದ್ದೆ. ಆದರೆ ನನಗೆ ಹೊಳೆಯುತ್ತಿದ್ದ ತಿರುವುಗಳು ಎರಡೋ ಮೂರೋ ಅಷ್ಟೇ. ಒಂದು ಸಲ ದೊಡ್ಡಮ್ಮ ಸೂಜಿ ನಿಲ್ಲಿಸಿ ಕೇಳಿದರು:

"ಅಲ್ಲ ಕಣೇ, ಎಲ್ಲಾ ಪುಸ್ತಕದಲ್ಲೂ ಕಾಗದ ಬರುತ್ತಲ್ಲ? ಆ ಊರಿನವರಿಗೆ ಬೇರೆ ಕೆಲಸ ಇಲ್ವಾ? ಪಾಪ, ಆ ಅಂಚೆಯವನ ಚಪ್ಪಲಿ ಸವೆದು ಹೋಗಿರಬೇಕು."

ನಾನು ನಕ್ಕೆ. ಮುಂದಿನ ಪುಸ್ತಕದಲ್ಲಿ ಕಾಗದದ ಬದಲು ರೈಲು ತಂದೆ.

ಕಾಲೇಜಿನ ಇಂಗ್ಲಿಷ್ ಮೇಡಂ ಒಂದು ದಿನ ತಾವೇ ಪುಸ್ತಕ ಹೊತ್ತು ತಂದರು. ಆ ವರ್ಷ ಅವರ ತರಗತಿಗೆ ಪಾಠವಾಗಿದ್ದ ಕಾದಂಬರಿ, ಒಂದೇ ಪುಸ್ತಕದ ಎಂಟು ಹಳೆಯ ಪ್ರತಿಗಳು. ಅವರು ಕಾಯುತ್ತಾ ಕೂತಿದ್ದಾಗ ದೊಡ್ಡಮ್ಮ ಎಂಟನ್ನೂ ಸವರಿ ನೋಡಿದರು.

"ಮೇಡಂ, ಒಂದು ಮಾತು ಹೇಳ್ಲಾ? ಇದರಲ್ಲಿ ಒಂದನ್ನ ಯಾರೋ ನಲವತ್ತನೇ ಪುಟಕ್ಕೇ ಬಿಟ್ಟುಬಿಟ್ಟಿದಾರೆ. ಇನ್ನೊಂದನ್ನ ಓದಿದವರು ಯಾರೋ ನಿದ್ದೆಬುರುಕರು, ಕೊನೆವರೆಗೂ ಮಡಿಕೆ ಇದೆ. ಉಳಿದ ಆರರಲ್ಲೂ ಮಡಿಕೆ ನಿಂತಿರೋದು ಒಂದೇ ಕಡೆ. ಹದಿಮೂರನೇ ಫಾರಂ, ಇನ್ನೂರ ಒಂದನೇ ಪುಟ. ಕಥೆ ತಿರುಗೋದು ಅಲ್ಲೇ ಅಲ್ವಾ?"

ಮೇಡಂ ಕನ್ನಡಕ ತೆಗೆದು ಅವರನ್ನೇ ನೋಡಿದರು. "ನಾನು ಇದನ್ನ ಇಪ್ಪತ್ತು ವರ್ಷದಿಂದ ಪಾಠ ಮಾಡ್ತಿದೀನಿ. ಕಥೆ ಎಲ್ಲಿ ತಿರುಗುತ್ತೆ, ಯಾಕೆ ತಿರುಗುತ್ತೆ ಅಂತ ದೊಡ್ಡ ದೊಡ್ಡ ಪುಸ್ತಕಗಳೇ ಇವೆ. ಯಾವುದರಲ್ಲೂ ಬಿಸ್ಕತ್ತಿನ ಪುಡಿ ವಿಷಯ ಇಲ್ಲಮ್ಮ! ನೀವು ನಮ್ಮ ತರಗತಿಗೆ ಬಂದು ಇದನ್ನ ಮಕ್ಕಳಿಗೆ ತೋರಿಸಬೇಕು."

"ಅಯ್ಯೋ, ನಾನಾ? ಅಂಟು ಕಲಸೋಳು?" ಎಂದರು ದೊಡ್ಡಮ್ಮ. ಆದರೆ ಮೇಡಂ ಹೋದ ಮೇಲೆ ಆ ಫಾರಂ ನನಗೆ ಕೊಟ್ಟು, "ಸರಿಯಾಗಿ ಓದು ಮರಿ. ಕಾಲೇಜಿನಲ್ಲಿ ಹೇಳಬೇಕು" ಎಂದರು.

ಇನ್ನೂರ ಒಂದನೇ ಪುಟದಲ್ಲಿ ನನಗೆ ಗೊತ್ತಿದ್ದ ಪದಗಳು ಬಾಗಿಲು, ಬೀಗದಕೈ, ಮೇಜು, ಹೆಂಗಸು. ಕಲ್ಲು ಎಂಬ ಪದವೂ ಗೊತ್ತಿತ್ತು. ಅದು ನಾಲ್ಕು ಸಲ ಇತ್ತು. ಆದರೆ ನಾನು ಕಟ್ಟಿದ ಕಥೆಗೆ ಅದು ಹೊಂದಲಿಲ್ಲ, ಬಿಟ್ಟೆ. "ಆ ಮನೆಯಾಕೆಗೆ ಓಡಿಹೋಗಿದ್ದ ಗಂಡನ ಕಾಗದ ಬರುತ್ತೆ. ಮೇಜಿನ ಮೇಲಿಟ್ಟು ಓದ್ತಾಳೆ. ಮನೆಗೆ ಬೀಗ ಹಾಕಿ ರೈಲು ಹತ್ತುತ್ತಾಳೆ" ಎಂದೆ.

ಹೇಳಬಹುದಾಗಿತ್ತು. ಅವತ್ತು ಹೇಳಬಹುದಾಗಿತ್ತು. ಕಾಲೇಜಿಗೆ ಹೋಗುವ ಹಿಂದಿನ ದಿನ ಕೂಡ ದೊಡ್ಡಮ್ಮ ಉಗುರಿನ ಸಂದಿಯ ಅಂಟನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆಯುತ್ತಾ, "ಆ ಕಥೆ ಇನ್ನೊಂದು ಸಲ ಹೇಳೇ, ಅಲ್ಲಿ ತಪ್ಪಬಾರದು" ಎಂದರು. ನಿಜ ಹೇಳಲು ಬಾಯಿ ತೆರೆದೆ. ಆದರೆ ನಾನು ಮಾಡಿದ್ದೇನೆಂದರೆ, ಅದೇ ಕಥೆಯನ್ನು ಇನ್ನೂ ನಿಧಾನವಾಗಿ, ಒಂದು ಪದವೂ ಆಚೀಚೆ ಆಗದಂತೆ ಹೇಳಿಕೊಟ್ಟೆ.

ತರಗತಿಯಲ್ಲಿ ನಲವತ್ತು ಜನ ಇದ್ದರು. ನಾನು ಬಾಗಿಲ ಹತ್ತಿರ ಪುಸ್ತಕಗಳ ಚೀಲ ಹಿಡಿದು ನಿಂತಿದ್ದೆ. ಮೇಡಂ ಹಲಗೆಯ ಮೇಲೆ ಒಂದು ಗುಡ್ಡ ಬರೆದರು. ಕಥೆ ಸಮತಟ್ಟಾದ ನೆಲದಲ್ಲಿ ಶುರುವಾಗುತ್ತದೆ, ಏನೋ ಒಂದು ಅದನ್ನು ಕದಡುತ್ತದೆ, ಆಮೇಲೆ ಏರು, ತುದಿ, ಇಳಿಜಾರು ಎಂದು ವಿವರಿಸಿದರು. ಒಂದು ಮಾತು ನನಗೆ ಹಾಗೇ ನೆನಪಿದೆ. "ತಿರುವು ಅಂದರೆ ಜೋರಾಗಿ ಏನಾದರೂ ಆಗೋದು ಅಂತಲ್ಲ. ಅದಾದ ಮೇಲೆ ಯಾರೂ ಮೊದಲಿನ ಹಾಗೆ ಇರೋಕಾಗಲ್ಲ, ಅಷ್ಟೆ." ಹೀಗೆಂದು ಗುಡ್ಡದ ತುದಿಯಲ್ಲಿ ಚುಕ್ಕೆ ಇಟ್ಟು, ಈ ಕಾದಂಬರಿಯಲ್ಲಿ ತುದಿ ಎಂದರೆ ಕೊನೆಯ ಹತ್ತಿರ ದೋಣಿ ಮುಳುಗುವುದು ಎಂದು ಬರೆದರು.

ಆಮೇಲೆ ದೊಡ್ಡಮ್ಮ ಎದ್ದರು. ಸೆರಗಿಗೆ ಕೈ ಒರೆಸಿಕೊಂಡರು. ಪುಸ್ತಕ ಕೈಗೆತ್ತಿಕೊಂಡರು. ಮಡಿಕೆಗಳನ್ನು ತೋರಿಸಿದರು, ಪುಡಿ ಉದುರಿಸಿ ತೋರಿಸಿದರು. ಬಾಗಿಲಲ್ಲೇ ನಿಂತು ಹೋದ ನೆಂಟರ ಕಥೆ ಹೇಳಿದಾಗ ಎಲ್ಲರೂ ನಕ್ಕರು. ಹಿಂದಿನ ಬೆಂಚಿನವರು ಎದ್ದು ಮುಂದೆ ಬಂದರು. ದೊಡ್ಡಮ್ಮನ ಮುಖ ಆಗ ಹೇಗಿತ್ತೆಂದು ಬರೆಯಲು ನನಗೆ ಬರುವುದಿಲ್ಲ. ಹದಿಮೂರನೇ ವಯಸ್ಸಿನಿಂದ ಅವರ ಕೈ ಕಂಡಿದ್ದನ್ನು ಕೇಳಲು ಯಾರೂ ಬಂದಿರಲಿಲ್ಲ. ಅವತ್ತು ನಲವತ್ತು ಜನ ಕೇಳುತ್ತಿದ್ದರು.

"ಈಗ ಇಲ್ಲಿ, ಇನ್ನೂರ ಒಂದರಲ್ಲಿ, ಏನಾಗುತ್ತೆ ಅಂದ್ರೆ," ಎಂದು ಅವರು ನಾನು ಕಲಿಸಿಕೊಟ್ಟಂತೆಯೇ ಹೇಳಿದರು. ಗಂಡ, ಕಾಗದ, ಬೀಗ, ರೈಲು. ಒಂದು ಪದವೂ ತಪ್ಪಲಿಲ್ಲ.

ಕೆಲವರು ತಮ್ಮ ಪುಸ್ತಕ ತೆರೆದು ಆ ಪುಟ ನೋಡಿದರು. ಆಮೇಲೆ ಯಾರೋ ಮೂಗಿನಲ್ಲಿ ನಕ್ಕರು.

"ಆಂಟಿ, ಅವಳಿಗೆ ಮದುವೆನೇ ಆಗಿಲ್ಲ" ಎಂದಳು ಮುಂದಿನ ಬೆಂಚಿನ ಹುಡುಗಿ.

"ರೈಲೂ ಇಲ್ಲ ಆಂಟಿ, ಕುದುರೆಗಾಡಿ ಕಾಲದ ಕಥೆ ಅದು!"

"ಆ ಪುಟ ಪರೀಕ್ಷೆಗೆ ಬರುತ್ತೆ, ಅದಕ್ಕೇ ಮಾಸಿರಬೇಕು ಬಿಡಿ."

ಈಗ ಎಲ್ಲರೂ ನಕ್ಕರು. ಕೆಟ್ಟ ಮಕ್ಕಳೇನಲ್ಲ, ನಗು ಬಂತು, ನಕ್ಕರು. ದೊಡ್ಡಮ್ಮ ತಿರುಗಿ ನನ್ನ ಕಡೆ ನೋಡಿದರು. ಸಿಟ್ಟಿನಿಂದಲ್ಲ. ದಾರ ತುಂಡಾದಾಗ ಇನ್ನೊಂದು ಕೊಡು ಎಂದು ನೋಡುತ್ತಾರಲ್ಲ, ಹಾಗೆ ನೋಡಿದರು. ನಾನು ನೆಲ ನೋಡಿದೆ. ನನ್ನ ಕಾಲ ಹತ್ತಿರ ಸೀಮೆಸುಣ್ಣದ ತುಂಡು ಬಿದ್ದಿತ್ತು. ಶಾಲೆಯಲ್ಲಿ ನಿಂತ ಹಾಗೆಯೇ ನಿಂತಿದ್ದೆ, ಸ್ವರ ಬರಲಿಲ್ಲ. ಆದರೆ ಶಾಲೆಯಲ್ಲಿ ನಾನು ನಿಂತದ್ದು ನನ್ನ ಪಾಡಿಗೆ. ಇಲ್ಲಿ ನನ್ನ ಜಾಗದಲ್ಲಿ ಅವರು ನಿಂತಿದ್ದರು.

"ಅಯ್ಯೋ, ಬೇರೆ ಪುಸ್ತಕದ್ದು ಬಾಯಿಗೆ ಬಂತು" ಎಂದು ದೊಡ್ಡಮ್ಮ ತಾವೇ ನಕ್ಕರು. "ಎಷ್ಟೊಂದು ಪುಸ್ತಕ ಕೈ ದಾಟುತ್ತೆ ನೋಡಿ. ತಲೆ ಹಳೇದಾಯ್ತು ಮಕ್ಕಳೇ, ಇದಕ್ಕೂ ಒಂದು ಬೈಂಡ್ ಹಾಕಿಸಬೇಕು." ಮೇಡಂ ಮಕ್ಕಳನ್ನು ಗದರಿದರು. ದೊಡ್ಡಮ್ಮನಿಗೆ ಬೇಜಾರಾಗಬಾರದೆಂದು, "ಆ ಪುಟದಲ್ಲಿ ಅಂಥ ದೊಡ್ಡದೇನೂ ಆಗೋದಿಲ್ಲಮ್ಮ, ಆದರೆ ನೀವು ತೋರಿಸಿದ ರೀತಿ ಬಹಳ ಚೆನ್ನಾಗಿತ್ತು" ಎಂದರು. ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ಅದೇ ಅವರಿಗೆ ಹೆಚ್ಚು ತಾಗಿತು.

ದಾರಿಯಲ್ಲಿ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದೆನೇನೋ. ಅವರು ನನ್ನ ಕೈಯಿಂದ ಚೀಲ ತೆಗೆದುಕೊಂಡು, "ನಿನ್ನ ತಪ್ಪಲ್ಲ ಮರಿ. ನೀನು ಅಲ್ಲಿದ್ದಿದ್ದನ್ನೇ ಓದಿರ್ತೀಯ. ನಾನೇ ಬೇರೆ ಯಾವುದೋ ಪುಸ್ತಕದ ಫಾರಂ ಇದರೊಳಗೆ ಸೇರಿಸಿ ನಿನಗೆ ಕೊಟ್ಟಿದೀನಿ" ಎಂದರು.

ಬೈಂಡಿಂಗ್ ಕೆಲಸ ಗೊತ್ತಿಲ್ಲದವರಿಗೆ ಇದು ಸಣ್ಣ ಮಾತು ಅನಿಸಬಹುದು. ಅಂಟು ಉಬ್ಬಿದರೆ, ಹೊಲಿಗೆ ಸಡಿಲವಾದರೆ ಮತ್ತೆ ಮಾಡಬಹುದು. ಒಂದು ಪುಸ್ತಕದ ಫಾರಂ ಇನ್ನೊಂದಕ್ಕೆ ಹೋಯಿತೆಂದರೆ ಎರಡು ಪುಸ್ತಕ ಕೆಟ್ಟಿತು. ಐವತ್ತು ವರ್ಷಗಳಲ್ಲಿ ಒಂದೇ ಒಂದು ಸಲವೂ ಹಾಗಾಗಿಲ್ಲ ಎಂಬುದೊಂದೇ ದೊಡ್ಡಮ್ಮನ ಜಂಬ. ಬೇರೆ ಯಾವ ಜಂಬವನ್ನೂ ನಾನು ಅವರಲ್ಲಿ ಕಂಡಿಲ್ಲ.

ಮಾರನೆಯ ದಿನವೇ ಹೊಲಿದು ಮುಗಿಸಿದ್ದ ಎಂಟೂ ಪ್ರತಿಗಳನ್ನು ಬಿಚ್ಚಿದರು. ಪುಟದ ಅಂಕಿಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿದರು. ಎಲ್ಲ ಸರಿಯಾಗಿಯೇ ಇತ್ತು. ನನಗೆ ಸಮಾಧಾನವಾಯಿತು, ಅವರಿಗೆ ಆಗಲಿಲ್ಲ.

"ತಪ್ಪು ಸಿಕ್ಕಿದ್ರೆ ತಿದ್ದಬಹುದಿತ್ತು. ಸಿಗಲಿಲ್ಲ ಅಂದ್ರೆ ಅದು ಕೈಯೊಳಗೇ ಕೂತಿದೆ ಅಂತ" ಎಂದರು. ಕಪಾಟಿನಲ್ಲಿದ್ದ ಬೇರೆ ಪುಸ್ತಕಗಳನ್ನೂ ಇಳಿಸಿ ಎಣಿಸತೊಡಗಿದರು. ಮೂಲೆ ಸವರುವುದನ್ನು ಬಿಟ್ಟರು. ಬಿಸ್ಕತ್ತಿನ ಪುಡಿ ಕಂಡರೆ ಬ್ರಷ್ಷಿನಿಂದ ಗುಡಿಸಿ ಹಾಕಿದರು. ನನಗೆ ಯಾವ ಫಾರಂ ಅನ್ನೂ ಕೊಡಲಿಲ್ಲ. ಒಂದು ದಿನ ಅಮ್ಮ ಬಂದಾಗ, "ನನ್ನ ಕೈ ಮುಗೀತು ಕಣೆ. ಕಾಲೇಜಿನ ಪುಸ್ತಕ ಬೇರೆ ಯಾರಾದ್ರೂ ಕಟ್ಟಲಿ. ಮೇಡಂಗೆ ಹೇಳಿ ಕಳಿಸಿದೀನಿ" ಎಂದರು. ಅಮ್ಮ, "ಒಂದು ಸಲ ಮಕ್ಕಳು ನಕ್ಕಿದ್ದಕ್ಕೆ ಇಷ್ಟೊಂದಾ ಅಕ್ಕಾ?" ಎಂದಳು. "ನಕ್ಕಿದ್ದಕ್ಕಲ್ಲ. ನನ್ನ ಕೈನ ನಾನೇ ನಂಬೋಕಾಗ್ತಿಲ್ಲ" ಎಂದರು. ನಾನು ಪಕ್ಕದಲ್ಲೇ ಕೂತು ದಾರಕ್ಕೆ ಮೇಣ ಹಚ್ಚುತ್ತಿದ್ದೆ. ಹಚ್ಚುತ್ತಲೇ ಇದ್ದೆ.

ಈಗ ಅವರು ಮಧ್ಯಾಹ್ನ ಊಟವಾದ ಮೇಲೆ ಒಳಗೆ ಹೋಗಿ ಮಲಗುತ್ತಾರೆ. ಮೊದಲು ಅವರು ಹಗಲು ಮಲಗಿದ್ದನ್ನು ನಾನು ನೋಡಿರಲಿಲ್ಲ. ಆ ಹೊತ್ತಿನಲ್ಲಿ ನಾನು ಇನ್ನೂರ ಒಂದನೇ ಪುಟ ಓದಿದೆ. ಗ್ರಂಥಾಲಯದಿಂದ ಬೈಂಡಿಗೆ ಬಂದಿದ್ದ ಒಂದು ನಿಘಂಟು ಇತ್ತು, ಅದರ ಬೆನ್ನು ಕಳಚಿಹೋಗಿದೆ, ಪುಟ ಎಲ್ಲ ಇದೆ. ಒಂದೊಂದೇ ಪದ ಹುಡುಕಿ, ಅರ್ಥವನ್ನು ಹಳೆಯ ರಟ್ಟಿನ ಮೇಲೆ ಬರೆದು, ಮೇಲಿಂದ ಕೆಳಗೆ ಕೂಡಿಸಿ ನೋಡಿದೆ. ಆ ಒಂದು ಪುಟಕ್ಕೆ ಹನ್ನೊಂದು ಮಧ್ಯಾಹ್ನ ಹಿಡಿಯಿತು. ಹಿಂದಿನ ಎರಡು ಪುಟ, ಮುಂದಿನ ಎರಡು ಪುಟವನ್ನೂ ಅಷ್ಟಿಷ್ಟು ನೋಡಿದೆ, ಇಲ್ಲದಿದ್ದರೆ ಯಾರು ಯಾರೆಂದು ತಿಳಿಯುತ್ತಿರಲಿಲ್ಲ.

ಅಲ್ಲಿರುವುದು ಇಷ್ಟು. ಸಮುದ್ರದ ಹತ್ತಿರ ಒಬ್ಬ ವಯಸ್ಸಾದ ಹೆಂಗಸು ತನ್ನ ಮನೆಯ ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದಾಳೆ. ಅಲ್ಲಿರುವ ಹುಡುಗಿ, ತಾನು ಒಳ್ಳೆಯ ಮನೆತನದವಳು, ಪೆಟ್ಟಿಗೆಯ ತುಂಬ ತಾಯಿಯ ಬಟ್ಟೆ ಮತ್ತು ಪುಸ್ತಕ ಇವೆ ಎಂದು ಹೇಳಿಕೊಂಡಿರುತ್ತಾಳೆ. ಇಬ್ಬರೂ ತಿಂಗಳುಗಟ್ಟಲೆ ಒಟ್ಟಿಗೆ ಊಟ ಮಾಡಿರುತ್ತಾರೆ. ಆ ದಿನ ಹೆಂಗಸು ಕೋಣೆ ಗುಡಿಸಲು ಹೋದಾಗ ಪೆಟ್ಟಿಗೆಗೆ ಬೀಗ ಹಾಕಿರುವುದಿಲ್ಲ, ಬೀಗದಕೈ ಅದರಲ್ಲೇ ಇರುತ್ತದೆ. ತೆಗೆದು ನೋಡುತ್ತಾಳೆ. ಒಳಗೆ ಕಲ್ಲುಗಳು. ಭಾರ ಇರಲೆಂದು ತುಂಬಿಟ್ಟ ಸಮುದ್ರದ ಕಲ್ಲುಗಳು, ಬೇರೆ ಏನೂ ಇಲ್ಲ. ಅವಳು ಒಂದು ಕಲ್ಲು ಎತ್ತಿ ಕೈಯಲ್ಲಿ ಹಿಡಿದು, ಮತ್ತೆ ಅದರ ಜಾಗದಲ್ಲೇ ಇಟ್ಟು, ಬಾಗಿಲು ಮುಚ್ಚಿ ಕೆಳಗಿಳಿದು, ಮೇಜಿನ ಮೇಲೆ ಎರಡು ತಟ್ಟೆ ಇಡುತ್ತಾಳೆ. ಅಲ್ಲಿಗೆ ಪುಟ ಮುಗಿಯುತ್ತದೆ.

ಕಾಗದ ಇಲ್ಲ, ರೈಲು ಇಲ್ಲ. ಮೇಡಂ ಹೇಳಿದಂತೆ ದೊಡ್ಡದೇನೂ ಆಗಿಲ್ಲ. ಆದರೆ ಮೇಜಿನ ಮೇಲೆ ಎರಡು ತಟ್ಟೆ ಇಟ್ಟಳು ಎಂದು ಓದಿದ ಮೇಲೆ ನನಗೂ ಪುಸ್ತಕ ಕೆಳಗಿಡಲು ಆಗಲಿಲ್ಲ. ಹುಡುಗಿ ಊಟಕ್ಕೆ ಬಂದಾಗ ಆ ಹೆಂಗಸು ಕೇಳುತ್ತಾಳೋ ಇಲ್ಲವೋ? ಹುಡುಗಿ ತಾನಾಗಿ ಹೇಳುತ್ತಾಳೋ? ಕಥೆಯ ಸಿದ್ಧಾಂತ ನನಗೆ ಗೊತ್ತಿಲ್ಲ, ಮೇಡಂ ಬರೆದ ಗುಡ್ಡದ ಬಗ್ಗೆ ಮಾತಾಡುವ ಯೋಗ್ಯತೆಯೂ ನನಗಿಲ್ಲ. ದೋಣಿ ಮುಳುಗುವುದು ದೊಡ್ಡದೇ ಇರಬಹುದು. ಆದರೆ ದೋಣಿ ಮುಳುಗುವ ಹೊತ್ತಿಗೆ ಆರು ಜನ ಓದುಗರು ತಿನ್ನುವುದನ್ನು ಬಿಟ್ಟು, ಮಡಚುವುದನ್ನು ಬಿಟ್ಟು ಎಷ್ಟೋ ಪುಟ ದಾಟಿ ಬಂದಿದ್ದರು. ದೊಡ್ಡಮ್ಮನ ಹೆಬ್ಬೆರಳು ಹೇಳಿದ್ದು ಸರಿಯಾಗಿತ್ತು. ಫಾರಂ ಅದಲುಬದಲಾಗಿರಲಿಲ್ಲ. ಕೈಯೊಳಗೆ ಯಾವ ತಪ್ಪೂ ಕೂತಿಲ್ಲ. ತಪ್ಪು ಪಕ್ಕದಲ್ಲಿ ಕೂತು ದಾರಕ್ಕೆ ಮೇಣ ಹಚ್ಚುತ್ತಿತ್ತು.

ದೊಡ್ಡಮ್ಮನಿಗೂ ನನ್ನ ಪೆಟ್ಟಿಗೆಯೊಳಗೆ ಏನಿದೆ ಎಂದು ಮೊದಲೇ ಗೊತ್ತಿತ್ತೇ, ಗೊತ್ತಿದ್ದೂ ಸುಮ್ಮನಿದ್ದರೇ ಎಂದು ಒಂದು ಮಧ್ಯಾಹ್ನ ಯೋಚಿಸಿದೆ. ಹಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆದರೆ ಇಲ್ಲ. ಗೊತ್ತಿದ್ದರೆ ಅವರು ತಮ್ಮ ಕೈಯನ್ನು ಅನುಮಾನಿಸುತ್ತಿರಲಿಲ್ಲ. ಐವತ್ತು ವರ್ಷದ ಕೈಯನ್ನು ಬಿಟ್ಟು ನನ್ನ ಮಾತನ್ನು ನಂಬಿದರು. ಅದನ್ನು ನೆನೆದಾಗಲೆಲ್ಲ ನನಗೆ ಮುಖ ಎತ್ತಲಾಗುವುದಿಲ್ಲ.

ಹೋದ ವಾರ ಮೇಡಂ ಬಂದು ಈ ಪರಿಚಯ ಬರೆಯಲು ಹೇಳಿದರು. ದೊಡ್ಡಮ್ಮ ಒಳಗಿದ್ದರು. "ಕೆಲಸ ಬಿಡ್ತಿದಾರಲ್ಲ, ಒಂದು ಗೌರವ ಸಲ್ಲಬೇಕು. ಶನಿವಾರ ಹತ್ತು ಗಂಟೆಗೆ ಬಂದು ಉಳಿದ ಪುಸ್ತಕ ತಗೊಂಡು ಹೋಗ್ತೀನಿ, ಅಷ್ಟರಲ್ಲಿ ಬರೆದಿಡು" ಎಂದರು. ಹೊರಡುವಾಗ ನಿಂತು, "ನಿನಗೆ ಓದೋಕೆ ಬರೆಯೋಕೆ ಚೆನ್ನಾಗಿ ಬರುತ್ತೆ ಅಂತ ನಿಮ್ಮ ದೊಡ್ಡಮ್ಮ ಯಾವಾಗಲೂ ಹೇಳ್ತಿರ್ತಾರೆ" ಎಂದರು. ನಾನು ಹೂಂ ಎಂದೆ. ಆಗಲೂ ಹೂಂ ಎಂದೆ.

ಇವತ್ತು ಶುಕ್ರವಾರ. ಉಳಿದ ಪುಸ್ತಕಗಳನ್ನು ದೊಡ್ಡಮ್ಮ ಎರಡು ಕಟ್ಟು ಮಾಡಿ ಬಾಗಿಲ ಹತ್ತಿರ ಇಟ್ಟಿದ್ದಾರೆ. ಆ ಎಂಟು ಪ್ರತಿಗಳು ಹೊಲಿಗೆ ಇಲ್ಲದೆ ಹಾಗೇ ಮೇಜಿನ ಮೇಲಿವೆ, ಒಂದೊಂದರ ಮೇಲೂ ಒಂದೊಂದು ಇಟ್ಟಿಗೆ. ಅಂಟಿನ ಡಬ್ಬ ತೊಳೆದು ಬೋರಲು ಹಾಕಿದ್ದಾರೆ.

ನಾಳೆ ಎಂಟು ಗಂಟೆಗೆ ನಾನು ಅಂಗಡಿಗೆ ಹೋಗುತ್ತೇನೆ. ಮೇಡಂ ಬರುವ ಮೊದಲು ದೊಡ್ಡಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ಬರೆದಿರುವ ಇಷ್ಟನ್ನೂ ಮೊದಲಿನಿಂದ ಓದಿ ಹೇಳುತ್ತೇನೆ. ಅವರು ಇರು ಎಂದರೆ, ಹದಿಮೂರನೇ ಫಾರಂ ತೆಗೆದುಕೊಂಡು ಇನ್ನೂರ ಒಂದನೇ ಪುಟವನ್ನು ಇಂಗ್ಲಿಷಿನಲ್ಲೇ, ತಡವರಿಸಿದರೂ ನಿಲ್ಲದೆ, ಕೊನೆಯವರೆಗೆ ಓದುತ್ತೇನೆ. ಹೋಗು ಎಂದರೆ ಅಂಟು ಕಲಸಿಟ್ಟು ಹೋಗುತ್ತೇನೆ.